ವೈನಿಯ ಕೈಗಳ ವಿಳಾಸ

ನನ್ನ ವೈನೀ,

ಬಾಯಲ್ಲಿ ಕರೆಯುವುದಾದರೆ ನಿನ್ನನ್ನು 'ನೀವು' ಅನ್ನಬೇಕಿತ್ತು. ಅಣ್ಣನ ಹೆಂಡತಿ, ನನಗಿಂತ ದೊಡ್ಡವಳು. ನಮ್ಮ ಮನೆಯಲ್ಲಿ ವೈನಿಗೆ ಬಹುವಚನ ತಪ್ಪಿದರೆ ಅವ್ವ ಕಣ್ಣು ಬಿಡುತ್ತಾಳೆ. ಆದರೆ ನಾವಿಬ್ಬರು ಬಾಯಲ್ಲಿ ಮಾತಾಡಿದ್ದಾದರೂ ಯಾವಾಗ? ನಮ್ಮಿಬ್ಬರ ಕೈಭಾಷೆಯಲ್ಲಿ ಎದುರಿನವಳ ಎದೆಯತ್ತ ಚಾಚುವ ಬೆರಳು ಒಂದೇ ಇತ್ತು. ಆ ಬೆರಳನ್ನು ಕಾಗದದ ಮೇಲೆ ಇಟ್ಟರೆ ಅದು 'ನೀನು' ಎಂದೇ ಆಗುತ್ತದೆ. ಅದಕ್ಕೇ ಹಾಗೆ ಬರೆಯುತ್ತಿದ್ದೇನೆ.

ಮಾಳಿಗೆಯ ಮೇಲೆ ಕೂತಿದ್ದೇನೆ, ಮಧ್ಯಾಹ್ನ. ದೂರದಲ್ಲಿ ಹಿನ್ನೀರು ಹೊಳೆಯುತ್ತಿದೆ. ಎಲ್ಲಿಗೆ ನೀರು ಮುಗಿದು ಎಲ್ಲಿಂದ ಆಕಾಶ ಶುರುವಾಯಿತು ಎಂದು ಹೇಳಲಾಗದಂಥ ಬಿಸಿಲು. ನೀನು ಕೇಳದೇ ಹೋದ ಒಂದು ಸುದ್ದಿ ಇದೆ ಎಂದು ಬರೆಯಲು ಹೊರಟು ನನಗೇ ನಗು ಬಂತು. ನೀನು ಕೇಳಿದ ಸುದ್ದಿ ಯಾವುದಿತ್ತು ಹೇಳು? ಎಲ್ಲವನ್ನೂ ನೋಡಿಯೇ ತಿಳಿದವಳು ನೀನು. ಇದನ್ನೂ ಎಲ್ಲಿಂದಲೋ ನೋಡಿರುತ್ತೀಯೋ ಏನೋ...

ಅಣ್ಣ ನಿನ್ನ ಹೆಸರನ್ನು ಮನೆಯಲ್ಲಿ ಮೊದಲ ಸಲ ಹೇಳಿದ ದಿನ ನನಗೆ ಚೆನ್ನಾಗಿ ನೆನಪಿದೆ. ಆಗ ಅವನು ಬಾದಾಮಿಯಲ್ಲಿ ಮಾಸ್ತರನಾಗಿದ್ದ. ನೀನು ಅಲ್ಲಿ ಕಿವುಡ ಮಕ್ಕಳಿಗೆ ಚಿತ್ರ ಬಿಡಿಸುವುದನ್ನು ಕಲಿಸಲು ಚೊಳಚಗುಡ್ಡದಿಂದ ಬರುತ್ತಿದ್ದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: "ಮಾತ ಬರದಾಕಿ ಜೋಡಿ ಹ್ಯಾಂಗ ಸಂಸಾರ ಮಾಡ್ತೀಯೋ?" ಅಣ್ಣ ತಲೆ ತಗ್ಗಿಸಿಕೊಂಡೇ, "ಆಕಿಗೆ ಮಾತ ಬರ್ತದವ್ವಾ. ನಮಗ ಬರೂದಿಲ್ಲ" ಅಂದ. ಅವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು. ಅಷ್ಟು ಜೋರಾಗಿ ಬಡಿದದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ನಿಮ್ಮ ಊರಿಗೆ ನಿನ್ನನ್ನು ನೋಡಲು ಬಂದಾಗ, ದೊಡ್ಡವರೆಲ್ಲ ಒಳಗೆ ಮಾತಿಗೆ ಕೂತಿದ್ದಾಗ, ನೀನು ನನ್ನ ಕೈ ಹಿಡಿದು ಬನಶಂಕರಿಯ ಹೊಂಡದ ಹತ್ತಿರ ಕರೆದುಕೊಂಡು ಹೋದೆ. ಮೆಟ್ಟಿಲ ಮೇಲೆ ಕೂತು ನೀರು ತೋರಿಸಿದೆ, ಅದರ ಕೈಮಾತು ತೋರಿಸಿದೆ. ಗಿಡ ತೋರಿಸಿದೆ, ಅದರದ್ದು ತೋರಿಸಿದೆ. ನಾನು ತಪ್ಪು ಮಾಡಿದಾಗ ನನ್ನ ಬೆರಳುಗಳನ್ನು ಹಿಡಿದು, ಹಿಟ್ಟನ್ನು ತಿದ್ದುವಂತೆ ಮೆಲ್ಲಗೆ ತಿದ್ದಿದೆ. ಕೆಳಗೆ ನೀರಿನಲ್ಲಿ ನಮ್ಮ ಕೈಗಳು ತಲೆಕೆಳಗಾಗಿ ಆಡುತ್ತಿದ್ದವು. ಆ ಮಧ್ಯಾಹ್ನ ಎಷ್ಟು ಉದ್ದವಾಗಿತ್ತು! ಒಂದು ಶಬ್ದವೂ ಇಲ್ಲದೆ ಅಷ್ಟೊಂದು ಮಾತಾಡಬಹುದೆಂದು ನನಗೆ ಗೊತ್ತೇ ಇರಲಿಲ್ಲ.

ನೀನು ಮನೆಗೆ ಬಂದ ಹೊಸತರಲ್ಲಿ ಒಂದು ಸೀಮಂತಕ್ಕೆ ಹೋಗಿದ್ದೆವಲ್ಲ, ಅಲ್ಲಿ ನೀನು ನನಗೆ ಏನೋ ತಮಾಷೆ ಹೇಳುತ್ತಿದ್ದೆ. ಅವ್ವ ಪಕ್ಕದಿಂದ ಪಿಸುಗುಟ್ಟಿದಳು: "ಮಂದಿ ಮುಂದ ಹಂಗ ಕೈ ಆಡಸಬ್ಯಾಡ ಅಂತ ಹೇಳು ಆಕಿಗೆ. ನೋಡಿ ನಗ್ತಾರ." ಅವ್ವ ಏನಂದಳು ಎಂದು ನೀನು ಕೇಳಿದೆ. ನಿನ್ನ ಬಳೆ ಚೆಂದ ಇವೆಯಂತೆ ಎಂದೆ. ನೀನು ನಕ್ಕು, ಅವ್ವನ ಹುಬ್ಬಿನತ್ತ ಕಣ್ಣು ಮಾಡಿ ತೋರಿಸಿದೆ. ಬಳೆ ಚೆಂದ ಅನ್ನುವವರ ಹುಬ್ಬು ಹಾಗೆ ಇರುವುದಿಲ್ಲ! ಆಮೇಲೆ ಅವ್ವ ಇದ್ದ ಕಡೆ ನೀನು ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಕೂರತೊಡಗಿದೆ. ಅದು ನನಗೆ ಬಾಯಿ ಕಟ್ಟಿದಂತೆ ಕಾಣುತ್ತಿತ್ತು. ಅವ್ವ ಕೆಟ್ಟವಳಲ್ಲ. ನಿನ್ನ ತಟ್ಟೆಗೆ ಯಾವಾಗಲೂ ಮೊದಲು ತುಪ್ಪ ಬೀಳುತ್ತಿತ್ತು. ನಿನ್ನ ಮಾತು ಮಾತ್ರ ಅವಳಿಗೆ ಬೇಡವಾಗಿತ್ತು.

ಇಳಕಲ್ಲಿನ ಆ ನೆಂಟರ ಮದುವೆಯನ್ನು ನಿನಗೆ ನೆನಪಿಸಬಾರದು. ಆದರೆ ಎಲ್ಲ ಶುರುವಾದದ್ದು ಅಲ್ಲಿಂದಲೇ ಅಲ್ಲವೆ? ನಾನು ಕೆಲಸದ ಮೇಲೆ ಬಾದಾಮಿಗೆ ಹೋಗಿದ್ದೆ, ಅಣ್ಣ ಬೀಗರನ್ನು ಎದುರುಗೊಳ್ಳಲು ಹೋಗಿದ್ದ. ಮಂಟಪದಲ್ಲಿ ನಿನಗೆ ಹೊಟ್ಟೆನೋವು ಬಂತು, ವಾಂತಿಯಾಯಿತು. ಅವ್ವನೇ ನಿನ್ನನ್ನು ಹತ್ತಿರದ ಒಂದು ದವಾಖಾನೆಗೆ ಕರೆದೊಯ್ದಳು. ಅಲ್ಲಿ ಎಲ್ಲರೂ ನಿನ್ನ ಮುಂದೆ ಜೋರಾಗಿ ಮಾತಾಡಿದರಂತೆ, ಇನ್ನಷ್ಟು ಜೋರಾದರೆ ನಿನಗೆ ಕೇಳೀತು ಎಂಬಂತೆ. ನೀನು ಹೊಟ್ಟೆಯ ಬಲಕ್ಕೆ ಕೈ ಇಟ್ಟು, ಎಲ್ಲಿ, ಹೇಗೆ, ಯಾವಾಗಿನಿಂದ ಎಂದು ಹೇಳುತ್ತಲೇ ಇದ್ದೆ. ಅವರು ಹೊಟ್ಟೆ, ವಾಂತಿ ಎರಡನ್ನೂ ಕೂಡಿಸಿ, "ಸಿಹಿ ಸುದ್ದಿ ಇರಬೇಕ್ರಿ" ಅಂದುಬಿಟ್ಟರು. ಅವ್ವ ಮಂಟಪಕ್ಕೆ ಬಂದವಳೇ ಹತ್ತಿರದವರಿಗೆ ಸಕ್ಕರೆ ಕೊಟ್ಟಳು. ಮರುದಿನ ನಮ್ಮ ಬಾಗಲಕೋಟೆಯಲ್ಲಿ ನಿನ್ನ ಹೊಟ್ಟೆ ಕೊಯ್ದಾಗ ಗೊತ್ತಾಯಿತು, ಅಪೆಂಡಿಕ್ಸ್ ಒಡೆದಿತ್ತು.

ನೀನು ಉಳಿದೆ. ಅವ್ವ ಆ ಸಕ್ಕರೆಯ ಮಾತನ್ನು ಮತ್ತೆಂದೂ ಎತ್ತಲಿಲ್ಲ. ನಿನ್ನ ಹಾಸಿಗೆಯ ಪಕ್ಕ ಕೂತು ನಿನ್ನ ಕೈಗಳನ್ನೇ ನೋಡುತ್ತಿದ್ದಳು. ಏನು ಹುಡುಕುತ್ತಿದ್ದಳೋ ಆಗ ನನಗೆ ತಿಳಿಯಲಿಲ್ಲ.

ಹೊಲಿಗೆ ಮಾಯುತ್ತಿದ್ದ ದಿನಗಳಲ್ಲಿ ನೀನು ಫೋನಿನಲ್ಲಿ ಟೈಪ್ ಮಾಡಿ ನನ್ನ ಮುಂದೆ ಹಿಡಿದೆ: "ಅವರ ಬಾಯಿ ಮೀನಿನ ಬಾಯಿಗತೆ ತೆರೀತಿದ್ವು. ನಾ ಎಲ್ಲಾ ಹೇಳಿದೆ. ಒಬ್ಬರಿಗೂ ತಿಳೀಲಿಲ್ಲ. ನೀ ಕಂಪ್ಯೂಟರ್ ಕಲಿತಾಕಿ. ಏನರೆ ಮಾಡು." ಏನು ಮಾಡುವುದು ಎಂದು ನೀನು, ಅಣ್ಣ, ನಾನು ಮೂವರೂ ಕೂತು ಯೋಚಿಸಿದೆವು. ಕಡೆಗೆ ಹೊಳೆದದ್ದು ಸರಳವಾಗಿತ್ತು. ಒಂದು ವೆಬ್‌ಸೈಟು. ನರ್ಸು 'ಎಲ್ಲಿ ನೋವು?' ಎಂಬ ಕನ್ನಡದ ಮಾತನ್ನು ಒತ್ತಿದರೆ ಅದೇ ಮಾತನ್ನು ಕೈಯಲ್ಲಿ ಆಡುವ ನಿನ್ನ ವಿಡಿಯೋ ಬರಬೇಕು. ನೀನು ಅಷ್ಟಕ್ಕೆ ಒಪ್ಪಲಿಲ್ಲ. "ಅವರು ಕೇಳೂದಷ್ಟ ಅಲ್ಲ. ನಾವೂ ಹೇಳಬೇಕು" ಎಂದು ಟೈಪ್ ಮಾಡಿದೆ. ಹಾಗಾಗಿ ರೋಗಿ ತನ್ನ ಕೈಮಾತನ್ನು ಆರಿಸಿ ಒತ್ತಿದರೆ ನರ್ಸಿಗೆ ಕನ್ನಡದಲ್ಲಿ ಕಾಣುವಂತೆಯೂ ನಾನು ಮಾಡಿದೆ.

ಇದೇ ಮಾಳಿಗೆಯ ಮೇಲೆ ವಿಡಿಯೋ ತೆಗೆದದ್ದು. ಹಿಂದೆ ನಿನ್ನ ನೀಲಿ ಸೀರೆ ಕಟ್ಟಿದ್ದೆವು. ಇಳಿಬಿಸಿಲು ಬೆರಳ ಸಂದಿನಿಂದ ಸೋಸಿ ಬರುತ್ತಿತ್ತು. ನೋವು. ಉಸಿರು. ರಕ್ತ. ಹೆದರಬೇಡ. ನೀನು ಒಂದೊಂದು ಮಾತನ್ನು ಮುಗಿಸಿ ಕೈಗಳನ್ನು ಮಡಿಲಿಗೆ ಇಳಿಸುತ್ತಿದ್ದೆ, ಹಕ್ಕಿಗಳು ಕೊಂಬೆಗೆ ಇಳಿಯುವ ಹಾಗೆ. ಪ್ರತಿ ವಿಡಿಯೋಗೂ ಹೆಸರು ಕೊಡುವವಳು ನೀನೇ. ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುತ್ತಿದ್ದೆ, ಮೊದಲ ಅಕ್ಷರ ಯಾವಾಗಲೂ ದೊಡ್ಡಕ್ಷರ. ಸಣ್ಣದು ಸಾಕು ವೈನಿ ಎಂದು ನಾನು ಹೇಳಿದರೆ, ಹೆಸರು ಅಂದಮೇಲೆ ದೊಡ್ಡಕ್ಷರದಿಂದಲೇ ಶುರುವಾಗಬೇಕೆಂದು ನಮ್ಮ ಸಾಲಿಯ ಟೀಚರ್ ಹೇಳಿದ್ದಾರೆ ಎಂದು ಗಂಭೀರವಾಗಿ ಕೈಯಾಡಿಸಿದೆ. ನೀನು ದಣಿದ ದಿನ ಅಣ್ಣ ಟೈಪ್ ಮಾಡುತ್ತಿದ್ದ. ಅವನದೆಲ್ಲ ಸಣ್ಣಕ್ಷರ. ಆಗ ಅದೊಂದು ನಗುವ ವಿಷಯವಷ್ಟೇ.

ನೀನು ಹೋದ ಬೆಳಿಗ್ಗೆಯ ಬಗ್ಗೆ ನಾನು ಹೆಚ್ಚು ಬರೆಯಲಾರೆ. ನೀನು ಇಲ್ಲೇ ಮಾಳಿಗೆಯ ಮೇಲೆ ಸಂಡಿಗೆ ಹಾಕುತ್ತಿದ್ದೆ. ಒಮ್ಮೆಗೇ ತಲೆ ಹಿಡಿದುಕೊಂಡೆ. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು, ಯಾರ ಕೈಯಲ್ಲೂ ಏನೂ ಇರಲಿಲ್ಲ ಎಂದು ಡಾಕ್ಟರು ಹೇಳಿದರು. ಆ ಸಂಡಿಗೆಯನ್ನು ಅವ್ವ ಒಣಗಿಸಿ ಎತ್ತಿಟ್ಟಳು. ಯಾರೂ ಕರಿಯಲಿಲ್ಲ.

ಆಮೇಲೆ ಮನೆ ನಿಶ್ಶಬ್ದವಾಯಿತು ಎಂದು ಬಂದವರೆಲ್ಲ ಅನ್ನುತ್ತಿದ್ದರು. ನೀನಿದ್ದಾಗ ಏನು ಗದ್ದಲವಿತ್ತು ಅಂತ ಅನ್ನುತ್ತಿದ್ದರೋ! ಆದರೆ ಖರೆ, ಏನೋ ನಿಂತುಹೋಗಿತ್ತು. ಗೋಡೆಯ ಮೇಲೆ ಆಡುತ್ತಿದ್ದ ನೆರಳುಗಳು ನಿಂತಿದ್ದವು. ಅಣ್ಣ ಹುನಗುಂದದ ಸಾಲಿಗೆ ವರ್ಗವಾಗಿದ್ದವನು ಬಸ್ಸಿನಲ್ಲಿ ಹೋಗುವುದು, ಬರುವುದು, ಮಲಗುವುದು. ನಾನು ನವನಗರದ ಆಫೀಸಿಗೆ ಹೋಗುವುದು, ಬರುವುದು. ನಿನ್ನ ವಿಡಿಯೋಗಳಿದ್ದ ಫೋಲ್ಡರನ್ನು ತೆರೆಯಲು ಬೆರಳು ಹೋಗುತ್ತಿರಲಿಲ್ಲ. ಒಂದು ದಿನ ಅವ್ವನೇ ಕೇಳಿದಳು: "ಆಕಿ ಮಾಡಿದ್ದು ಹಂಗ ಬಿಟ್ಟೀಯೇನು?" ಅಷ್ಟೇ. ನಾನು ಅವತ್ತು ಮತ್ತೆ ಕೆಲಸ ಹಿಡಿದೆ.

ಅಣ್ಣನ ಜೊತೆ ಓದಿದ ಡಾಕ್ಟರಮ್ಮ ಒಬ್ಬರು ಇಳಕಲ್ಲಿನಲ್ಲಿ ಸಣ್ಣ ಹೆರಿಗೆ ಆಸ್ಪತ್ರೆ ನಡೆಸುತ್ತಾರೆ. ಮೊದಲು ನಮ್ಮಲ್ಲೇ ಶುರು ಮಾಡೋಣ ಅಂದರು. ನಾನು ಎಲ್ಲವನ್ನೂ ನನ್ನ ಲ್ಯಾಪ್‌ಟಾಪಿನಿಂದ ಸರ್ವರ್‌ಗೆ ಏರಿಸಿದೆ. ಸರ್ವರ್ ಅಂದರೆ ಎಲ್ಲೋ ದೂರದಲ್ಲಿ ಸದಾ ಎಚ್ಚರವಿರುವ ಒಂದು ಕಂಪ್ಯೂಟರ್, ಯಾವ ಊರಿನವರು ಕೇಳಿದರೂ ಪುಟ ತೆಗೆದುಕೊಡುತ್ತದೆ ಎಂದು ನಿನಗೆ ಹಿಂದೊಮ್ಮೆ ಹೇಳಿದ್ದೆ. ಅಣ್ಣನೂ ನಾನೂ ಇಳಕಲ್ಲಿಗೆ ಹೋದೆವು. ಅಲ್ಲಿನ ಹಿರಿಯ ನರ್ಸು ಶಾಂತಕ್ಕ ಆಸ್ಪತ್ರೆಯ ಟ್ಯಾಬ್ಲೆಟ್ ಹಿಡಿದು ಬಂದಳು. ಗಟ್ಟಿ ದನಿ, ದೊಡ್ಡ ಕುಂಕುಮ. ಪುಟ ತೆರೆಯಿತು, ಮಾತುಗಳೆಲ್ಲ ಸಾಲಾಗಿ ಬಂದವು. ಅವಳು 'ಎಲ್ಲಿ ನೋವು?' ಒತ್ತಿದಳು.

"ಕೈ ಎಲ್ಲಿ ಅದಾವ್ರಿ ಬಾಯಾರ? ಬರೇ ಕರೇದು ಕಾಣಾಕತ್ತೈತಿ."

ಇನ್ನೊಂದು ಒತ್ತಿಸಿದೆ. ಅದೂ ಕಪ್ಪು ಚೌಕ. ಮತ್ತೊಂದು. ಕಪ್ಪು. ನನ್ನ ಲ್ಯಾಪ್‌ಟಾಪ್ ತೆಗೆದು ಅದರಲ್ಲಿ ತೋರಿಸಿದೆ. ನೀನು ಇದ್ದೆ, ನೀಲಿ ಸೀರೆಯ ಮುಂದೆ, ಬಿಸಿಲಿನಲ್ಲಿ. ಶಾಂತಕ್ಕ ಎರಡನ್ನೂ ನೋಡಿ, "ಅಲ್ಲಿ ಅದಾರ, ಇಲ್ಲಿ ಇಲ್ಲ" ಅಂದಳು. ಅವಳು ಯಂತ್ರದ ಮಾತಾಡಿದ್ದಳು. ಅಣ್ಣ ಎದ್ದು ಕಿಟಕಿಯ ಕಡೆ ಹೋದ.

ಅವತ್ತು ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. "ಕಂಡಳೇನು ಅವರಿಗೆ?" ಎಂದು ಕೇಳಿದಳು. "ಇಲ್ಲವ್ವಾ" ಎಂದೆ. ಅವಳು ಒಳಗೆ ಹೋದಳು.

ಭಾನುವಾರ ಬೆಳಿಗ್ಗೆ, ಹಿತ್ತಲಿನ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಫೈಲುಗಳು ಸರ್ವರ್‌ನಲ್ಲಿ ಇದ್ದವು. ನಾನೇ ಕಣ್ಣಾರೆ ನೋಡಿದೆ. ಆದರೂ ಪ್ರೋಗ್ರಾಂ 'ಫೈಲು ಸಿಗಲಿಲ್ಲ' ಎಂದೇ ಹೇಳುತ್ತಿತ್ತು. ಕಡೆಗೆ, 'ಹಾಗಾದರೆ ನೀನು ಹುಡುಕುತ್ತಿರುವುದು ಎಲ್ಲಿ, ಆ ದಾರಿಯನ್ನು ಪೂರ್ತಿ ಬರೆದು ತೋರಿಸು' ಎಂದು ಅದಕ್ಕೆ ಒಂದು ಸಾಲು ಸೇರಿಸಿದೆ. ತೋರಿಸಿತು. ನೋಡಿದರೆ, ನಾನು ಎಂದೂ ಮಾಡದ, ಸರ್ವರ್‌ನಲ್ಲಿ ಇಲ್ಲವೇ ಇಲ್ಲದ ಒಂದು ಫೋಲ್ಡರಿನ ಬಾಗಿಲು ತಟ್ಟುತ್ತಿತ್ತು!

ಅಣ್ಣ ಚಹಾ ಹಿಡಿದು ಪಕ್ಕಕ್ಕೆ ಬಂದು ಕೂತ. "ಏನಾತು?"

"ವಿಡಿಯೋ ಎಲ್ಲಿ ಅದಾವ ಅಂತ ಹೇಳೂ ಮುಂದ ನಾ 'ಇಲ್ಲಿಂದ ಒಂದು ಫೋಲ್ಡರ್ ಮ್ಯಾಲ ಹೋಗಿ ಆ ಕಡೆ' ಅಂತ ಬರದೇನಿ. 'ಇಲ್ಲಿ' ಅಂದ್ರ ಪ್ರೋಗ್ರಾಂ ಇದ್ದ ಜಾಗಾ ಅಂತ ತಿಳದಿದ್ದೆ. ಅಲ್ಲ ಅದು. ಎಲ್ಲಿ ನಿಂತು ಅದನ್ನ ಚಾಲೂ ಮಾಡ್ತೀವೋ ಆ ಜಾಗಾ."

"ಮನ್ಯಾಗ ಹ್ಯಾಂಗ ನಡೀತು ಮತ್ತ?"

"ಮನ್ಯಾಗ ನಾ ದಿನಾ ಅದ ಫೋಲ್ಡರ್‌ನ್ಯಾಗ ಹೋಗಿ ಚಾಲೂ ಮಾಡ್ತಿದ್ದೆ. ಸರ್ವರ್ ತಾನ ಚಾಲೂ ಮಾಡಕೋತದ, ಬ್ಯಾರೆ ಎಲ್ಲೋ ನಿಂತು."

ಅಣ್ಣ ಚಹಾ ಕೆಳಗಿಟ್ಟು, "ಅಂದ್ರ, ಬಸ್‌ಸ್ಟ್ಯಾಂಡಿನಿಂದ ಎಡಕ್ಕ ಬಾ ನಮ್ಮ ಮನಿ ಸಿಗ್ತದ ಅಂದಂಗಾತು. ಹುನಗುಂದದಾಗ ಇಳದಾವ ಎಡಕ್ಕ ಹೋದ್ರ ಯಾರ ಮನಿಗೆ ಹೋಗ್ತಾನ?" ಅಂದ. ನೀನು ಹೋದಮೇಲೆ ಅವನು ನಗುವುದನ್ನು ಅವತ್ತೇ ನೋಡಿದ್ದು. ಸರ್ವರ್‌ನ ಪೂರ್ತಿ ವಿಳಾಸವನ್ನೇ ಬರೆದುಬಿಡು ಎಂದು ಅವನು ಹೇಳಿದ. ಅದೂ ಆಗುವುದಿಲ್ಲ ಎಂದೆ. ನಾಳೆ ಬೇರೆ ಸರ್ವರ್‌ಗೆ ಹೋದರೆ ಆ ವಿಳಾಸವೇ ಇರುವುದಿಲ್ಲ. ಹಾಗಾಗಿ ಪ್ರೋಗ್ರಾಂ ಏಳುತ್ತಲೇ ಮೊದಲು ತಾನು ಇರುವ ಜಾಗವನ್ನು ತಾನೇ ತಿಳಿದುಕೊಂಡು, ಅಲ್ಲಿಂದ ನಿನ್ನ ಫೋಲ್ಡರಿಗೆ ದಾರಿ ಲೆಕ್ಕ ಹಾಕುವಂತೆ ಬರೆದೆ. ಯಾರು ಎಲ್ಲಿ ನಿಂತು ಎಬ್ಬಿಸಿದರೂ ಆ ದಾರಿ ಬದಲಾಗುವುದಿಲ್ಲ. ಸರ್ವರ್‌ಗೆ ಏರಿಸಿ, ಅಣ್ಣನ ಫೋನಿನಲ್ಲಿ ತೆರೆದೆವು. ಕಪ್ಪು ಚೌಕ ಒಂದು ಕ್ಷಣ ನಡುಗಿ, ಅದರೊಳಗಿಂದ ಬಿಸಿಲು ಬಂತು. ಆಮೇಲೆ ನೀಲಿ. ಆಮೇಲೆ ನಿನ್ನ ಕೈ.

ಮೊದಲ ಪುಟದ ಮಾತುಗಳನ್ನು ಒತ್ತಿ ನೋಡಿದೆವು, ಎಲ್ಲ ಬಂದವು. ಅಣ್ಣ ಅದೇ ಒಂದನ್ನು, 'ಹೆದರಬೇಡ' ಅನ್ನುವುದನ್ನು, ಮತ್ತೆ ಮತ್ತೆ ಒತ್ತುತ್ತಿದ್ದ. ಉಳಿದ ಪುಟಗಳನ್ನು ನೋಡುವ ಮನಸ್ಸು ಆಗ ಇಬ್ಬರಿಗೂ ಇರಲಿಲ್ಲ. ಇದ್ದಿದ್ದರೆ...

ಶಾಂತಕ್ಕನ ಫೋನು ಬಂದಾಗ ನಾನು ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚಿದ್ದೆ. ಹಿಂದೆ ಯಾರೋ ಕೂಗುತ್ತಿದ್ದುದು ಕೇಳಿಸುತ್ತಿತ್ತು. "ಬಾಯಾರ, ಒಬ್ಬಾಕಿ ಬಂದಾಳ್ರಿ, ಹಸೀನಾ ಅಂತ. ಕಿವಿ ಕೇಳಂಗಿಲ್ಲ. ಚೊಚ್ಚಲ ಹೆರಿಗಿ. ನಿಮ್ಮ ವೈನ್ಯಾರನ್ನ ನೋಡಿ ಎಲ್ಲಾ ತಿಳಕೊಂಡ್ಳು, ಎಷ್ಟ ಖುಷಿ ಆದ್ಳು ಅಂತೀರಿ. ಆದ್ರ ಈಗ ಒಂದ ಬರವಲ್ದು."

"ಯಾವುದು?"

"ಮುಕ್ಕಬ್ಯಾಡ, ಉಸಿರ ಬಿಡು ಅನ್ನೂದು. ಕೂಸಿಗೆ ದಾರಿ ಇನ್ನೂ ಪೂರಾ ತೆರದಿಲ್ಲ, ಆಕಿ ಈಗಲೇ ಕೂಸನ್ನ ಹೊರಗ ದಬ್ಬಾಕ ಮುಕ್ಕಾಕತ್ತಾಳ. ನಾವು ಬ್ಯಾಡ ಅಂತ ಕೈ ಮಾಡಿದ್ರ ಬೈಯಾಕತ್ತಾರ ಅಂತ ತಿಳಕೊಂಡು ಅಳಾಕತ್ತಾಳ. ಡಾಕ್ಟರಮ್ಮ ಲಗೂನ ನೋಡು ಅಂದಾರ. ಹಿಂಗ ಮುಕ್ಕಿದ್ರ ತಾಯಿಗೂ ಚಲೋ ಅಲ್ಲ, ಕೂಸಿಗೂ ಚಲೋ ಅಲ್ಲ."

ವಿಡಿಯೋ ಕರೆ ಮಾಡಿ ನಾನೇ ಹೇಳಲು ನೋಡಿದೆ. ಚಿತ್ರ ತುಂಡು ತುಂಡಾಗಿ ನಿಲ್ಲುತ್ತಿತ್ತು. ಅರ್ಧ ಎತ್ತಿದ ಕೈ ಅರ್ಧ ಮಾತು. ಹಸೀನಾಳ ಬೆವೆತ ಮುಖ ಒಂದು ಕ್ಷಣ ಕಂಡು ಕಲ್ಲಾಯಿತು. ಕರೆ ಕಡಿದು ಲ್ಯಾಪ್‌ಟಾಪಿಗೆ ತಿರುಗಿದೆ. ಸರ್ವರ್ ಮತ್ತೆ ಅದನ್ನೇ ಹೇಳುತ್ತಿತ್ತು, ಫೈಲು ಸಿಗಲಿಲ್ಲ. ದಾರಿ ಈ ಸಲ ಸರಿಯಾಗಿತ್ತು. ಫೋಲ್ಡರೂ ಅದೇ. ಅದು ಕೇಳುತ್ತಿದ್ದ ಹೆಸರನ್ನೂ ಅಲ್ಲಿದ್ದ ಹೆಸರನ್ನೂ ಒಂದರ ಕೆಳಗೊಂದು ಇಟ್ಟು ನೋಡಿದೆ. ಎರಡೂ 'ಉಸಿರು' ಎಂದೇ ಓದಿಸುತ್ತಿದ್ದವು. ಕಣ್ಣು ಉಜ್ಜಿ ಮತ್ತೆ ನೋಡಿದೆ. ಅಲ್ಲಿದ್ದುದು ದೊಡ್ಡಕ್ಷರದಿಂದ ಶುರುವಾಗಿತ್ತು.

ಅದು ನೀನು ಇಟ್ಟ ಹೆಸರು, ವೈನಿ! ನಾನು ಪ್ರೋಗ್ರಾಂನಲ್ಲಿ ಎಲ್ಲ ಹೆಸರನ್ನೂ ಸಣ್ಣಕ್ಷರಕ್ಕೆ ತಿರುಗಿಸಿ ಹುಡುಕಲು ಹೇಳಿದ್ದೆ. ನನ್ನ ಲ್ಯಾಪ್‌ಟಾಪಿಗೆ ದೊಡ್ಡಕ್ಷರ ಸಣ್ಣಕ್ಷರ ಎರಡೂ ಒಂದೇ, ಅದು ಸುಮ್ಮನೆ ಹುಡುಕಿ ಕೊಡುತ್ತಿತ್ತು. ಸರ್ವರ್‌ಗೆ ಅವು ಬೇರೆ ಬೇರೆ ಹೆಸರು. ಅಣ್ಣ ಟೈಪ್ ಮಾಡಿದವೆಲ್ಲ ಸಿಕ್ಕಿದ್ದವು, ನಿನ್ನವು ಒಂದೂ ಸಿಕ್ಕಿರಲಿಲ್ಲ. ನಾವು ಭಾನುವಾರ ನೋಡಿ ಕಣ್ಣು ತುಂಬಿಕೊಂಡಿದ್ದ ಮೊದಲ ಪುಟದ ಹೆಸರುಗಳೆಲ್ಲ ಅಣ್ಣನವು.

ನಿನ್ನ ಫೈಲುಗಳ ಹೆಸರನ್ನು ಸಣ್ಣದು ಮಾಡಬಹುದಿತ್ತು. ಇಲ್ಲವೇ ನನ್ನ ಸಾಲನ್ನು ತಿದ್ದಬಹುದಿತ್ತು. ಎರಡಕ್ಕೂ ಅಷ್ಟೇ ಹೊತ್ತು. ನಾನು ನನ್ನ ಸಾಲನ್ನು ತಿದ್ದಿದೆ. 'ಫೋಲ್ಡರಿನಲ್ಲಿ ಹೆಸರು ಹೇಗಿದೆಯೋ ಹಾಗೇ ಓದು, ನಿನ್ನ ಬುದ್ಧಿ ಓಡಿಸಬೇಡ' ಎಂದು ಪ್ರೋಗ್ರಾಂಗೆ ಹೇಳಿದೆ. ಏರಿಸಿದೆ. ಶಾಂತಕ್ಕನಿಗೆ ಫೋನು ಹಚ್ಚಿ, "ಪುಟ ಮುಚ್ಚಿ ಮತ್ತ ತೆಗೀರಿ" ಅಂದೆ. ಆಚೆ ಕಡೆ ಯಾರೋ ಓಡಿದ ಸಪ್ಪಳ, ಹಸೀನಾಳ ನರಳಾಟ. ಆಮೇಲೆ:

"ಬಂತ್ರೀ ಬಾಯಾರ! ಕೈ ಬಂತು!"

ಶಾಂತಕ್ಕ ಫೋನು ಇಡುವುದನ್ನು ಮರೆತಳು. ನಾನೂ ಇಡಲಿಲ್ಲ. ಕಣ್ಣು ಮುಚ್ಚಿಕೊಂಡು ಕೂತೆ. ಮಾಳಿಗೆಯ ಬಿಸಿಲು, ಮೆಲ್ಲಗೆ ಎದೆಯಿಂದ ಎದ್ದು ಮುಂದಕ್ಕೆ ಹರಿಯುವ ನಿನ್ನ ಕೈಗಳು, ಉಸಿರು ಬಿಡು, ಬಿಡು, ಇನ್ನೂ ಮೆಲ್ಲಗೆ... ಆಚೆಯಿಂದ ನರಳಾಟ ನಿಂತು, ಉದ್ದನೆಯ ಉಸಿರೊಂದು ಕೇಳಿಸಿತು. ಮತ್ತೊಂದು. ಯಾರ ಉಸಿರು ಅದು, ಹಸೀನಾಳದೋ, ನಿನ್ನದೋ, ನನ್ನದೋ? ಆ ಹೊತ್ತಿನಲ್ಲಿ ನನಗೆ ನಿಜಕ್ಕೂ ಗೊತ್ತಾಗಲಿಲ್ಲ. ಸಂಜೆಗೆ ಮುಂಚೆ ಡಾಕ್ಟರಮ್ಮನೇ ಫೋನು ಮಾಡಿದರು. ಹೆಣ್ಣು ಕೂಸು, ತಾಯಿ ಮಗಳು ಇಬ್ಬರೂ ಆರಾಮ. ಮುಕ್ಕಲು ಹೇಳುವ ಹೊತ್ತು ಬಂದಾಗ ಹಸೀನಾ ಟ್ಯಾಬ್ಲೆಟ್ಟನ್ನು ಎದುರಿಗೇ ಹಿಡಿಯುವಂತೆ ಹಟ ಮಾಡಿದಳಂತೆ.

ಮೊನ್ನೆ ಹಸೀನಾ ನಮ್ಮ ಮನೆಗೆ ಬಂದಳು. ಕೂಸನ್ನು ಎತ್ತಿಕೊಂಡು, ಗಂಡನ ಜೊತೆ, ಇಳಕಲ್ಲಿನಿಂದ ಬಸ್ಸಿನಲ್ಲಿ. ಅವಳ ಗಂಡ ಮಗ್ಗದ ಕೆಲಸದವನು, ಮೆತ್ತನೆಯ ಮನುಷ್ಯ. ಬಾಗಿಲಲ್ಲೇ ಕೈ ಮುಗಿದು, "ಆ ಅಕ್ಕಾರನ್ನ ಕಾಣಬೇಕಂತರಿ. ದಿನಾ ಅದ ಹಟ ಮಾಡ್ತಾಳ್ರಿ" ಅಂದ. ನಾನು ಕೈಮಾತಿನಲ್ಲಿ ಬಾ, ಕೂಡು ಎಂದೆ. ಅವಳ ಮುಖ ಅರಳಿತು. ಆದರೆ ಕಣ್ಣು ನನ್ನ ಹಿಂದೆ ಒಳಮನೆಯಲ್ಲಿ ಹುಡುಕುತ್ತಿದ್ದವು. ಎಲ್ಲಿ, ಆಕೆ ಎಲ್ಲಿ? ನೀಲಿ ಸೀರೆಯ ಆಕೆ?

ಅವಳಿಗೆ ಯಾರೂ ಹೇಳಿರಲಿಲ್ಲ ವೈನಿ. ಪರದೆಯಲ್ಲಿ ನಕ್ಕು ಧೈರ್ಯ ಹೇಳಿದವಳು ಈ ಮನೆಯಲ್ಲಿ ಇದ್ದೇ ಇರುತ್ತಾಳೆ ಎಂದುಕೊಂಡು ಬಂದಿದ್ದಳು. ನನ್ನ ಕೈ ಅರ್ಧಕ್ಕೆ ಎದ್ದು ನಿಂತುಹೋಯಿತು. ನನಗೆ ಆ ಮಾತು ಗೊತ್ತು, ಆದರೆ ಆಡಲು ಆಗಲಿಲ್ಲ.

ಆಗ ಅಡಿಗೆಮನೆಯಿಂದ ಅವ್ವ ಬಂದಳು. ಕೈ ಒರೆಸಿಕೊಂಡು ಹಸೀನಾಳ ಎದುರು ನೆಲದ ಮೇಲೆ ಕೂತಳು. ಎರಡೂ ಕೈ ಎತ್ತಿದಳು. ಮೊದಲ ಸಲ ರಂಗೋಲಿ ಹಾಕುವವರಂತೆ ನಿಧಾನಕ್ಕೆ, ಒಂದೊಂದನ್ನೇ ನೆನಪಿಸಿಕೊಂಡು ಹೇಳಿದಳು. ಈಗ ಇಲ್ಲ. ನೋವು ಬಂತು. ಹೋದಳು. ಹಸೀನಾ ಬಾಯಿ ಮುಚ್ಚಿಕೊಂಡಳು. ಅವ್ವ ತನ್ನ ಎದೆ ಮುಟ್ಟಿಕೊಂಡು ಇನ್ನೊಂದು ಮಾತು ಸೇರಿಸಿದಳು: ನನ್ನ ಮಗಳು.

ನಾನು ನಿಂತಲ್ಲೇ ನಿಂತಿದ್ದೆ. ಅಣ್ಣ ಸಾಲಿಯಿಂದ ಬಂದವನು ಬಾಗಿಲಲ್ಲಿ ಚಪ್ಪಲಿ ಬಿಡುವುದನ್ನೇ ಮರೆತು ನಿಂತಿದ್ದ. "ಯಾವಾಗ ಕಲತೀ ಅವ್ವಾ?" ಅಂದೆ.

"ಮಧ್ಯಾಹ್ನ ಮನ್ಯಾಗ ಯಾರಿರ್ತಾರ? ನಿಮ್ಮಣ್ಣಗ ಹೇಳಿ ನನ್ನ ಫೋನಿನ್ಯಾಗ ಹಾಕಿಸಿಕೊಂಡಿದ್ದೆ. ಆಕಿ ತೋರಿಸ್ತಾಳ, ನಾ ಮಾಡ್ತೇನಿ." ತನ್ನ ಬೆರಳುಗಳನ್ನು ನೋಡಿಕೊಂಡು ಅಂದಳು: "ಭಾಳ ಚಂದ ಹೇಳಿಕೊಡ್ತಾಳ."

ದವಾಖಾನೆಗೆ ಬೇಕಾದ ಮಾತುಗಳ ನಡುವೆ ನೀನು ಮಗ, ಮಗಳು ಎರಡನ್ನೂ ಇಟ್ಟಿದ್ದೆ, ಸೊಸೆ ಅನ್ನುವುದನ್ನು ಇಟ್ಟಿರಲಿಲ್ಲ. ಹೆರಿಗೆ ಆಸ್ಪತ್ರೆಯಲ್ಲಿ ಅದು ಯಾಕೆ ಬೇಕು? ನಾನು ತಡೆಯಲಾರದೆ ಕೇಳಿಯೇಬಿಟ್ಟೆ: "ಸೊಸಿ ಅನ್ನೂದು ಅದರಾಗ ಇಲ್ಲ ಅಂತ ಮಗಳು ಅಂದೇನವ್ವಾ?"

ಅವ್ವ ನನ್ನ ಕಡೆ ತಿರುಗಲೂ ಇಲ್ಲ. "ಹೋಗಿ ಚಹಾ ಇಡು" ಅಂದಳು.

ಇಟ್ಟೆ. ಒಲೆಯ ಮುಂದೆ ನಿಂತು ಹಾಲು ಉಕ್ಕುವುದನ್ನು ನೋಡುತ್ತಾ, ನಿನಗೆ ಇದನ್ನು ಹೇಗೆ ತಿಳಿಸುವುದು ಎಂದು ಯೋಚಿಸುತ್ತಿದ್ದೆ. ಹೇಳಬೇಕಾದದ್ದು ಇನ್ನೂ ಒಂದಿದೆ. ನೀನು ಮುಗಿಸದೆ ಬಿಟ್ಟ ಮಾತುಗಳು ಎಷ್ಟೋ ಇವೆಯಲ್ಲ, ಅವನ್ನು ಹಸೀನಾ ಆಡುತ್ತೇನೆ ಎಂದಿದ್ದಾಳೆ. ಕೂಸು ಸ್ವಲ್ಪ ಗಟ್ಟಿಯಾದಮೇಲೆ ಬರುತ್ತಾಳೆ. ನಿನ್ನವನ್ನು ಒಂದನ್ನೂ ತೆಗೆಯುವುದಿಲ್ಲ, ಒಂದರ ಹೆಸರನ್ನೂ ಮುಟ್ಟುವುದಿಲ್ಲ. ಅವಳ ಕೈ ನಿನ್ನ ಕೈಯ ಪಕ್ಕದಲ್ಲಿ ಇರುತ್ತದೆ. ಇದು ನನ್ನ ಮಾತು.

ಚಹಾ ಹಿಡಿದು ನಾನು ಪಡಸಾಲೆಗೆ ಬಂದಾಗ ಕೂಸು ಅವ್ವನ ಮಡಿಲಲ್ಲಿ ಮಲಗಿತ್ತು. ಅವ್ವ ಒಂದೇ ಕೈಯಲ್ಲಿ ಏನೋ ಹೇಳಲು ಒದ್ದಾಡುತ್ತಿದ್ದಳು. ಹಸೀನಾ ನಗುತ್ತಾ ಮುಂದಕ್ಕೆ ಬಾಗಿ ಅವಳ ಬೆರಳು ಹಿಡಿದು ತಿದ್ದಿದಳು. ಅವ್ವ ಮತ್ತೆ ಹೇಳಿದಳು, ಈ ಸಲ ಸರಿಯಾಗಿ. ಹಸೀನಾ ಏನೋ ಉತ್ತರ ಕೊಟ್ಟಳು, ಅವ್ವ ತಲೆಯಾಡಿಸಿದಳು. ಹಸೀನಾಳ ಗಂಡನೂ ಅಣ್ಣನೂ ಬಾಗಿಲ ಹತ್ತಿರ ಕೂತು ಅದನ್ನೇ ನೋಡುತ್ತಿದ್ದರು. ನಾನು ಕಪ್ಪುಗಳನ್ನು ಹಿಡಿದು ಅಲ್ಲೇ ನಿಂತೆ, ಎಂದಿನಂತೆ ಯಾರಾದರೂ ನನ್ನ ಕಡೆ ತಿರುಗಿ, ಏನಂದಳು ಹೇಳು ಎಂದು ಕೇಳುತ್ತಾರೆಂದು.

ಯಾರೂ ಕೇಳಲಿಲ್ಲ, ವೈನಿ.

ನಿನ್ನ ನಾದಿನಿ